ಮನೆ ಕೊಳ್ಳುವಾಗ ಎದುರಿಗಿಲ್ಲದವರನ್ನು ವಿಚಾರಿಸಿ

"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಎಂದ ನಮ್ಮ ಹಿರಿಯರು "ಮನೆ ಕೊಂಡು ನೋಡು" ಎನ್ನಲಿಲ್ಲ. ಅವರ ಕಾಲದಲ್ಲಿ ಮನೆ ಕೊಳ್ಳುವವರೇ ಕಡಿಮೆ. ತಂದೆ ಬಿಟ್ಟುಹೋದ ಜಾಗದಲ್ಲೋ ಊರವರು ತೋರಿಸಿದ ಜಾಗದಲ್ಲೋ ಗೋಡೆ ಎಬ್ಬಿಸಿಕೊಂಡರು. ಆ ಜಾಗ ಯಾರದು, ಅದಕ್ಕೆ ಎಷ್ಟು ಜನ ಹಕ್ಕುದಾರರು ಎಂಬುದು ಊರಿಗೆಲ್ಲ ಗೊತ್ತಿರುತ್ತಿತ್ತು. ಇಂದು ಹಾಗಲ್ಲ. ಮೈಸೂರಿನವರು ಬೆಂಗಳೂರಿನಲ್ಲಿ, ಹಾಸನದವರು ಹೊಸಕೋಟೆಯಲ್ಲಿ ಮನೆ ಕೊಳ್ಳುತ್ತಾರೆ. ಮಾರುವವರ ಮುಖವನ್ನು ಮೊದಲ ಸಲ ನೋಡಿದ ವಾರದಲ್ಲಿಯೇ ಇಪ್ಪತ್ತು ವರ್ಷ ದುಡಿದು ಕೂಡಿಟ್ಟ ಹಣವನ್ನು ಅವರ ಕೈಗೆ ಕೊಡುತ್ತಾರೆ. ಸೀರೆ ಕೊಳ್ಳುವಾಗ ನಾಲ್ಕು ಅಂಗಡಿ ಹತ್ತಿ ಇಳಿಯುವ ನಾವು ಮನೆ ಕೊಳ್ಳುವಾಗ ಇಷ್ಟು ಅವಸರಪಡುವುದು ಏಕೋ ತಿಳಿಯದು.

ನನಗೆ ತಿಳಿದ ಒಂದು ಕುಟುಂಬದ ಸಂಗತಿಯನ್ನು ಮೊದಲು ಹೇಳುತ್ತೇನೆ. ಯಜಮಾನರು ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಭವಿಷ್ಯನಿಧಿಯ ಹಣ, ಹೆಂಡತಿ ಹೊಲಿಗೆ ಮಾಡಿ ಉಳಿಸಿದ ಹಣ, ಮಗನ ಹೆಸರಿನಲ್ಲಿ ಸ್ವಲ್ಪ ಸಾಲ, ಇಷ್ಟನ್ನು ಸೇರಿಸಿ ಬೆಂಗಳೂರಿನ ಹೊರವಲಯದಲ್ಲಿ ಮೂವತ್ತು ನಲವತ್ತರ ಜಾಗದ ಒಂದು ಹಳೆಯ ಮನೆಯನ್ನು ನೋಡಿದರು. ಮಾರುವವರು ಇಬ್ಬರು ಅಣ್ಣತಮ್ಮಂದಿರು. ಮನೆ ಅವರ ತಂದೆಯದು. ತಂದೆ ತೀರಿಕೊಂಡಿದ್ದರು, ತಾಯಿಯೂ ಇರಲಿಲ್ಲ. ಮಾತುಕತೆ ಮುಗಿಯುವ ಮೊದಲೇ ದಲ್ಲಾಳಿ, "ಸಾರ್, ಸಂಜೆ ಇನ್ನೊಂದು ಪಾರ್ಟಿ ಬರ್ತಾ ಇದೆ. ಈಗಲೇ ಐವತ್ತು ಸಾವಿರ ಟೋಕನ್ ಕೊಟ್ಟುಬಿಡಿ, ಮನೆ ನಿಮ್ಮದೇ" ಎಂದ. ಕೊಟ್ಟರು. ಆಮೇಲೆ ಒಮ್ಮೆ ಯಜಮಾನರ ಪತ್ನಿ, ಮನೆಯ ಗೋಡೆಯ ಮೇಲಿದ್ದ ಹಳೆಯ ಫೋಟೋದಲ್ಲಿ ಒಬ್ಬ ಹುಡುಗಿಯನ್ನು ನೋಡಿ, "ಇವರು ಯಾರು?" ಎಂದು ಕೇಳಿದರಂತೆ. "ನಮ್ಮ ತಂಗಿ, ಮದುವೆ ಮಾಡಿ ಕೊಟ್ಟಿದೀವಮ್ಮ, ಕೋಲಾರದ ಕಡೆ ಇದ್ದಾಳೆ. ಅವಳಿಗೆ ಇದರಲ್ಲಿ ಏನೂ ಬರಲ್ಲ" ಎಂಬ ಉತ್ತರ ಬಂತು. ಆ ಮಾತು ಅಲ್ಲಿಗೇ ನಿಂತಿತು.

ನೋಂದಣಿಯಾಯಿತು, ಸುಣ್ಣಬಣ್ಣವಾಯಿತು. ಗುರುಗಳು ಬಂದು ಮನೆಯನ್ನು ಆಶೀರ್ವದಿಸಿ ಹೋದರು. ಮೂರನೆಯ ತಿಂಗಳಲ್ಲಿ ನ್ಯಾಯಾಲಯದ ಸಮನ್ಸ್ ಬಂತು. ತಂಗಿ ತನ್ನ ಪಾಲು ಕೇಳಿ ದಾವೆ ಹೂಡಿದ್ದಳು. ಅಣ್ಣಂದಿರು ಮಾರಿದ ಹಣದಲ್ಲಿ ಒಂದು ರೂಪಾಯಿಯನ್ನೂ ಅವಳಿಗೆ ಕೊಟ್ಟಿರಲಿಲ್ಲ. ಮಾರಿದ ಸುದ್ದಿಯೂ ಅವಳಿಗೆ ನೆಂಟರ ಬಾಯಿಂದ ತಿಳಿದದ್ದು. ಆರು ವರ್ಷ ನ್ಯಾಯಾಲಯಕ್ಕೆ ಅಲೆದ ಮೇಲೆ ಕೊಂಡವರೇ ಅವಳಿಗೆ ಒಂದಿಷ್ಟು ಹಣ ಕೊಟ್ಟು ರಾಜಿಯಾದರು. ಅದಕ್ಕೆ ಯಜಮಾನರ ಪತ್ನಿಯ ಒಡವೆಗಳು ಹೋದವು. ಆ ತಾಯಿ ನನ್ನೊಡನೆ ಹೇಳಿದ ಮಾತು ಇದು: "ಆ ಹುಡುಗಿಯ ಮೇಲೆ ನನಗೆ ಸಿಟ್ಟಿಲ್ಲ. ನಾನು ಫೋಟೋ ನೋಡಿದ್ದೆನಲ್ಲ, ಒಂದು ಸಲ ಕೋಲಾರಕ್ಕೆ ಹೋಗಿ ಬರಬೇಕಿತ್ತು."

ಪ್ರಿಯ ಓದುಗರೇ, ಮನೆ ಕೊಳ್ಳುವವರು ಮಾಡುವ ತಪ್ಪುಗಳನ್ನು ಕುರಿತು ಬೇಕಾದಷ್ಟು ಪಟ್ಟಿಗಳು ಸಿಗುತ್ತವೆ. ಅವುಗಳಲ್ಲಿ ಹೆಚ್ಚಿನವು ಗೋಡೆಯ ಬಿರುಕು, ನೀರಿನ ಸೌಕರ್ಯ, ಬಸ್ಸಿನ ಅನುಕೂಲ ಇವುಗಳ ವಿಷಯ. ಅವೂ ಬೇಕು. ಆದರೆ ಬಿರುಕಿಗೆ ಸಿಮೆಂಟು ತುಂಬಬಹುದು. ಹಕ್ಕಿನಲ್ಲಿ ಬಿರುಕಿದ್ದರೆ ತುಂಬಲು ಮನೆಯ ಬೆಲೆಯೂ ಸಾಲದೆ ಹೋಗಬಹುದು. ಹಕ್ಕಿನ ತೊಂದರೆ ನಮ್ಮ ಎದುರಿಗೆ ಕುಳಿತು ಕಾಫಿ ಕುಡಿಯುತ್ತಿರುವ ಮಾರಾಟಗಾರರಿಂದ ಬರುವುದು ಅಪರೂಪ. ಅದು ಬರುವುದು ಆ ಕೋಣೆಯಲ್ಲಿ ಇಲ್ಲದವರಿಂದ: ದೂರದಲ್ಲಿರುವ ತಂಗಿ, ಇನ್ನೂ ಮೈನೆರೆಯದ ಮೊಮ್ಮಗ, ಪತ್ರಗಳನ್ನು ಅಡವಿಟ್ಟುಕೊಂಡ ಬ್ಯಾಂಕು, ಭೋಗ್ಯಕ್ಕೆ ಹಣ ಕೊಟ್ಟ ಬಾಡಿಗೆದಾರ, ಒಂದು ಕಾಲದಲ್ಲಿ ಸರ್ಕಾರ ಜಮೀನು ಮಂಜೂರು ಮಾಡಿದ್ದ ಬಡ ರೈತ, ಹೂತುಹೋದ ಹಳ್ಳ. ಇವರೆಲ್ಲರನ್ನೂ ಮುಂಗಡ ಕೊಡುವ ಮೊದಲು ವಿಚಾರಿಸಬೇಕು, ನಂತರ ಅಲ್ಲ.

ಹೆಣ್ಣುಮಕ್ಕಳ ಪಾಲು

ತಂಗಿಯ ವಿಷಯವನ್ನೇ ಮೊದಲು ತೆಗೆದುಕೊಳ್ಳೋಣ, ಏಕೆಂದರೆ ನಮ್ಮ ಜನರಲ್ಲಿ ಇದರ ಬಗ್ಗೆ ತಪ್ಪು ತಿಳಿವಳಿಕೆ ಬಹಳ. "ಮದುವೆಗೆ ಖರ್ಚು ಮಾಡಿದ್ದೇವೆ, ಒಡವೆ ಹಾಕಿದ್ದೇವೆ, ಅವಳ ಪಾಲು ಮುಗಿಯಿತು" ಎಂಬ ಮಾತು ಎಲ್ಲ ಧರ್ಮದವರ ಮನೆಗಳಲ್ಲಿಯೂ ಕೇಳಿಬರುತ್ತದೆ. ಕಾನೂನು ಹಾಗೆ ಹೇಳುವುದಿಲ್ಲ. ಕ್ರೈಸ್ತರಿಗೆ ಅನ್ವಯಿಸುವ 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯ ಪ್ರಕಾರ, ಒಬ್ಬರು ಉಯಿಲು ಬರೆಯದೆ ತೀರಿಕೊಂಡರೆ, ಪತ್ನಿ ಮತ್ತು ಮಕ್ಕಳಿದ್ದಲ್ಲಿ ಆಸ್ತಿಯ ಮೂರರಲ್ಲಿ ಒಂದು ಭಾಗ ಪತ್ನಿಗೆ, ಉಳಿದ ಎರಡು ಭಾಗ ಮಕ್ಕಳಿಗೆ ಸಮವಾಗಿ ಸೇರುತ್ತದೆ. ಗಂಡು, ಹೆಣ್ಣು ಎಂಬ ಭೇದ ಅಲ್ಲಿಲ್ಲ. ಮದುವೆಯಾದವಳು, ಆಗದವಳು ಎಂಬ ಭೇದವೂ ಇಲ್ಲ.

ಹಿಂದೂ ಕುಟುಂಬಗಳ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಗಂಡುಮಕ್ಕಳಷ್ಟೇ ಹಕ್ಕು ಎಂದು 2005ರ ತಿದ್ದುಪಡಿ ಹೇಳಿತು. ಅದು ಆ ವರ್ಷದ ಸೆಪ್ಟೆಂಬರ್ 9ರಿಂದ ಜಾರಿಗೆ ಬಂತು. ತಂದೆ ಆ ದಿನ ಬದುಕಿರಬೇಕಾಗಿಲ್ಲ ಎಂದು ಸುಪ್ರೀಂ ಕೋರ್ಟು 2020ರ ಆಗಸ್ಟ್ 11ರಂದು ಸ್ಪಷ್ಟಪಡಿಸಿತು. ಕರ್ನಾಟಕವಂತೂ 1994ರಲ್ಲಿಯೇ ಈ ದಿಕ್ಕಿನಲ್ಲಿ ಒಂದು ಹೆಜ್ಜೆ ಇಟ್ಟಿತ್ತು. ಆಗ ಅದು ಅವಿವಾಹಿತ ಹೆಣ್ಣುಮಕ್ಕಳಿಗೆ ಮಾತ್ರ ಸಂದಿತ್ತು. ಆದ್ದರಿಂದ ನೀವು ಯಾರಿಂದ ಕೊಳ್ಳುತ್ತೀರೋ ಅವರ ಕುಟುಂಬದ ವಂಶವೃಕ್ಷವನ್ನು ಕೇಳಿ ಪಡೆಯಿರಿ. ಅದರಲ್ಲಿರುವ ಪ್ರತಿಯೊಬ್ಬರೂ ಕ್ರಯಪತ್ರಕ್ಕೆ ಸಹಿ ಹಾಕಬೇಕು, ಇಲ್ಲವೇ ಮೊದಲೇ ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಬರೆದುಕೊಟ್ಟಿರಬೇಕು. ಬಿಳಿ ಹಾಳೆಯ ಮೇಲಿನ "ನನಗೆ ಪಾಲು ಬೇಡ" ಎಂಬ ಬರಹವನ್ನು ನಂಬಿ ಹಣ ಕೊಡಬೇಡಿ. ವಂಶವೃಕ್ಷವೂ ಕೆಲವೊಮ್ಮೆ ಅರೆಬರೆ ಇರುತ್ತದೆ. ನೆರೆಮನೆಯ ಅಜ್ಜಿಯನ್ನು ಕೇಳಿದರೆ ಎಷ್ಟು ಮಕ್ಕಳು ಎಂದು ಎರಡು ನಿಮಿಷದಲ್ಲಿ ತಿಳಿಯುತ್ತದೆ. ಇದನ್ನು ತಮಾಷೆಗೆ ಹೇಳುತ್ತಿಲ್ಲ.

ಅಪ್ರಾಪ್ತ ವಯಸ್ಕರ ಪಾಲಿದ್ದರೆ ಇನ್ನೂ ಎಚ್ಚರ ಬೇಕು. ಹಿಂದೂ ಕುಟುಂಬದಲ್ಲಿ ಮಗುವಿಗೆಂದೇ ಸೇರಿದ ಸ್ಥಿರಾಸ್ತಿಯನ್ನು ತಂದೆತಾಯಿಯಾದರೂ ನ್ಯಾಯಾಲಯದ ಅನುಮತಿಯಿಲ್ಲದೆ ಮಾರುವಂತಿಲ್ಲ ಎಂದು 1956ರ ಕಾಯಿದೆ ಹೇಳುತ್ತದೆ. ಅನುಮತಿಯಿಲ್ಲದೆ ಮಾರಿದ್ದರೆ, ಆ ಮಗು ಹದಿನೆಂಟು ತುಂಬಿದ ಮೇಲೆ ಮೂರು ವರ್ಷದೊಳಗೆ ಬಂದು ಪ್ರಶ್ನಿಸಬಹುದು. ಇಂದು ತೊಟ್ಟಿಲಲ್ಲಿ ಮಲಗಿರುವ ಕೂಸು ನಾಳೆ ನಿಮ್ಮ ಬಾಗಿಲಿಗೆ ಬರಬಹುದು.

ಯಾವ ಕಾಗದ ಏನನ್ನು ಹೇಳುತ್ತದೆ

ಮಾರುವವರು ಒಂದು ದಪ್ಪ ಫೈಲನ್ನು ಕೊಟ್ಟಾಗ ನಮಗೆ ಧೈರ್ಯ ಬರುತ್ತದೆ. ಫೈಲಿನ ದಪ್ಪ ನೋಡಿ ಮೋಸಹೋಗಬೇಡಿ. ಒಳಗಿನ ಒಂದೊಂದು ಕಾಗದವೂ ಒಂದೊಂದು ವಿಷಯವನ್ನು ಮಾತ್ರ ಹೇಳುತ್ತದೆ.

ಖಾತೆ ಎಂದರೆ ಯಾರಿಂದ ತೆರಿಗೆ ವಸೂಲಿ ಮಾಡಬೇಕು ಎಂದು ಪಾಲಿಕೆಯೋ ಪಂಚಾಯಿತಿಯೋ ಬರೆದಿಟ್ಟುಕೊಂಡ ಲೆಕ್ಕ. ಅದು ಒಡೆತನದ ಪತ್ರವಲ್ಲ. ತೆರಿಗೆ ರಸೀದಿಯೂ ಅಷ್ಟೇ, ವಿದ್ಯುತ್ ಬಿಲ್ಲೂ ಅಷ್ಟೇ. 2024ರ ಅಕ್ಟೋಬರ್‌ನಲ್ಲಿ ನಗರ ಪ್ರದೇಶಗಳ ಆಸ್ತಿ ನೋಂದಣಿಗೆ ಇ-ಖಾತೆ ಕಡ್ಡಾಯವಾದ ಮೇಲೆ "ಇ-ಖಾತೆ ಇದೆ, ಇನ್ನೇನು ಭಯ" ಎಂಬ ಮಾತು ಶುರುವಾಗಿದೆ. ಇ-ಖಾತೆಯಿಂದ ಒಂದೇ ಮನೆಯನ್ನು ಇಬ್ಬರಿಗೆ ಮಾರುವಂಥ ಮೋಸ ಕಷ್ಟವಾಗುತ್ತದೆ, ನಿಜ. ಆದರೆ ಕೋಲಾರದ ತಂಗಿಯ ಹೆಸರು ಅದರಲ್ಲಿ ಇರುವುದಿಲ್ಲ. ಬೆಂಗಳೂರಿನಲ್ಲಿ "ಎ" ಖಾತೆ, "ಬಿ" ಖಾತೆ ಎಂಬ ಭೇದವೂ ಇದೆ. "ಬಿ" ಎಂದರೆ ನಿಯಮಕ್ಕೆ ಸರಿಯಾಗಿ ಒಳಪಡದ ಆಸ್ತಿ ಎಂದು ಬೇರೆಯಾಗಿ ಬರೆದಿಟ್ಟ ಪುಸ್ತಕ. "ಇವತ್ತಲ್ಲ ನಾಳೆ ಎ ಆಗುತ್ತೆ" ಎಂಬ ಮಾತಿನ ಮೇಲೆ ಎ ಖಾತೆಯ ಬೆಲೆ ಕೊಡುವುದು ಸರಿಯಲ್ಲ. ಆಗಿದ್ದರೆ ಆ ಬೆಲೆ, ಆಗದಿದ್ದರೆ ಈ ಬೆಲೆ.

ಒಡೆತನ ಬರುವುದು ನೋಂದಾಯಿತ ಪತ್ರದಿಂದ. 1882ರ ಸ್ವತ್ತು ವರ್ಗಾವಣೆ ಕಾಯಿದೆ ನೂರು ರೂಪಾಯಿ ಮತ್ತು ಅದಕ್ಕೂ ಹೆಚ್ಚಿನ ಬೆಲೆಯ ಸ್ಥಿರಾಸ್ತಿಯ ಮಾರಾಟ ನೋಂದಣಿಯ ಮೂಲಕವೇ ಆಗಬೇಕು ಎನ್ನುತ್ತದೆ. ಇಂದು ನೂರು ರೂಪಾಯಿಗೆ ಒಂದು ಇಟ್ಟಿಗೆ ಗೂಡಿನಷ್ಟು ಜಾಗವೂ ಸಿಗದು. ಆದರೂ ಛಾಪಾಕಾಗದದ ಮೇಲೆ ಕರಾರು ಬರೆದು, ನೋಟರಿಯ ಮೊಹರು ಹಾಕಿಸಿ, "ಮನೆ ನಮ್ಮದಾಯಿತು" ಎಂದು ನೆಮ್ಮದಿಯಿಂದ ಮಲಗುವವರು ಇದ್ದಾರೆ. ಇನ್ನು ಜಿ.ಪಿ.ಎ. ಎಂಬ ಅಧಿಕಾರ ಪತ್ರದ ಮೇಲೆ ಕೊಂಡ ಸಾವಿರಾರು ಕುಟುಂಬಗಳು ಬೆಂಗಳೂರಿನ ಸುತ್ತ ಇವೆ. ಅಧಿಕಾರ ಪತ್ರ, ಕರಾರು, ಉಯಿಲು ಇವುಗಳಿಂದ ಒಡೆತನ ಕೈಬದಲಾಗುವುದಿಲ್ಲ ಎಂದು ಸುಪ್ರೀಂ ಕೋರ್ಟು 2011ರ ಅಕ್ಟೋಬರ್ 11ರಂದು ಖಂಡಿತವಾಗಿ ಹೇಳಿತು. ಮಾಲೀಕರ ಪರವಾಗಿ ಮತ್ತೊಬ್ಬರು ಅಧಿಕಾರ ಪತ್ರ ಹಿಡಿದು ನೋಂದಣಿ ಮಾಡಿಕೊಡಲು ಬಂದರೆ, ಬರೆದುಕೊಟ್ಟವರು ಇನ್ನೂ ಬದುಕಿದ್ದಾರೆಯೇ ಎಂದು ಕಣ್ಣಾರೆ ನೋಡಿ, ಇಲ್ಲವೇ ದೂರವಾಣಿಯಲ್ಲಾದರೂ ಮಾತನಾಡಿ. ಸಾಮಾನ್ಯವಾಗಿ ಬರೆದುಕೊಟ್ಟವರು ಸತ್ತ ಕ್ಷಣವೇ ಆ ಅಧಿಕಾರ ಮುಗಿಯುತ್ತದೆ.

ಋಣಭಾರ ಪತ್ರ, ಅಂದರೆ ಇ.ಸಿ., ಉಪನೋಂದಣಾಧಿಕಾರಿಗಳ ಕಚೇರಿಯ ಪುಸ್ತಕಗಳಲ್ಲಿ ಆ ಆಸ್ತಿಯ ಬಗ್ಗೆ ಏನೇನು ದಾಖಲಾಗಿದೆ ಎಂಬುದರ ಪಟ್ಟಿ. ವ್ಯವಹಾರಗಳಿದ್ದರೆ ನಮೂನೆ 15, ಏನೂ ಇಲ್ಲದಿದ್ದರೆ ನಮೂನೆ 16. ಕಡೆಯ ಪಕ್ಷ ಮೂವತ್ತು ವರ್ಷದ್ದನ್ನು ತೆಗೆಸಿ. ಆ ಅವಧಿಯಲ್ಲಿ ಆ ಊರು ಒಂದು ಉಪನೋಂದಣಿ ಕಚೇರಿಯಿಂದ ಇನ್ನೊಂದಕ್ಕೆ ಹೋಗಿದ್ದರೆ ಎರಡೂ ಕಡೆ ತೆಗೆಸಬೇಕು. ಮಾರುವವರು ತಾವೇ ತೆಗೆಸಿಕೊಟ್ಟದ್ದು ಸಾಲದು. ಇ.ಸಿ.ಯಲ್ಲಿ ಕಾಣದ ವಿಷಯಗಳನ್ನು ನೆನಪಿಡುವುದು ಇನ್ನೂ ಮುಖ್ಯ: ನೋಂದಣಿಯಾಗದ ಕರಾರು ಅದರಲ್ಲಿಲ್ಲ, ಪೆಟ್ಟಿಗೆಯಲ್ಲಿರುವ ಉಯಿಲು ಅದರಲ್ಲಿಲ್ಲ, ಬಾಯಿಮಾತಿನ ಪಾಲುವಿಭಾಗ ಅದರಲ್ಲಿಲ್ಲ, ಬಾಡಿಗೆದಾರ ಅದರಲ್ಲಿಲ್ಲ. ಮೂಲಪತ್ರಗಳನ್ನು ಬ್ಯಾಂಕಿನಲ್ಲಿ ಇಟ್ಟು ಪಡೆದ ಸಾಲವೂ ಎಷ್ಟೋ ಬಾರಿ ಅದರಲ್ಲಿ ಕಾಣಿಸುವುದಿಲ್ಲ.

ಆದ್ದರಿಂದಲೇ ಮೂಲಪತ್ರಗಳನ್ನು ಕೈಯಲ್ಲಿ ಹಿಡಿದು ನೋಡಬೇಕು. "ಒರಿಜಿನಲ್ ಊರಲ್ಲಿದೆ, ಜೆರಾಕ್ಸ್ ನೋಡಿ ಸಾರ್" ಎಂದರೆ ಆ ಊರಿಗೇ ಹೋಗಿ. "ಕಳೆದುಹೋಗಿದೆ" ಎಂದರೆ ಪೊಲೀಸ್ ದೂರು, ಪತ್ರಿಕಾ ಪ್ರಕಟಣೆ, ದೃಢೀಕೃತ ನಕಲು ಇವೆಲ್ಲ ಎಲ್ಲಿ ಎಂದು ಕೇಳಿ. ಬ್ಯಾಂಕುಗಳು ತಾವು ಅಡವು ಹಿಡಿದ ಆಸ್ತಿಗಳನ್ನು ದಾಖಲಿಸುವ ಸೆರ್ಸಾಯ್ ಎಂಬ ಕೇಂದ್ರ ನೋಂದಣಿ ವ್ಯವಸ್ಥೆ 2011ರಿಂದ ಇದೆ. ಸಣ್ಣ ಶುಲ್ಕ ಕೊಟ್ಟು ಯಾರು ಬೇಕಾದರೂ ಅದರಲ್ಲಿ ಹುಡುಕಬಹುದು. ಖಾಸಗಿಯಾಗಿ ಸಾಲ ಕೊಟ್ಟವರು ಅಲ್ಲಿ ಸಿಗುವುದಿಲ್ಲ. ಅದಕ್ಕೆ ಒಂದು ಹಳೆಯ ಉಪಾಯವಿದೆ. ನಿಮ್ಮ ವಕೀಲರ ಹೆಸರಿನಲ್ಲಿ ಕನ್ನಡ ಪತ್ರಿಕೆಯೊಂದರಲ್ಲಿ ಸಾರ್ವಜನಿಕ ಪ್ರಕಟಣೆ ಹಾಕಿಸಿ, ತಕರಾರು ಇದ್ದವರು ಇಷ್ಟು ದಿನದಲ್ಲಿ ತಿಳಿಸಬೇಕೆಂದು ಕೇಳುವುದು. ಕೆಲವು ಸಾವಿರ ರೂಪಾಯಿಗಳ ಖರ್ಚು. ಮಾರುವವರು "ಪ್ರಕಟಣೆ ಬೇಡ, ನಮ್ಮ ಮಾನ ಹೋಗುತ್ತೆ" ಎಂದು ಹಟಹಿಡಿದರೆ ಒಂದು ಹೆಜ್ಜೆ ಹಿಂದೆ ಸರಿಯಿರಿ.

"ಬ್ಯಾಂಕ್ ಲೋನ್ ಸ್ಯಾಂಕ್ಷನ್ ಆಗಿದೆ, ಅಂದರೆ ಪತ್ರಗಳು ಸರಿ ಇವೆ" ಎಂದು ನಂಬುವುದು ಮತ್ತೊಂದು ತಪ್ಪು. ಬ್ಯಾಂಕಿನ ವಕೀಲರು ನೋಡುವುದು ಬ್ಯಾಂಕಿನ ಹಣಕ್ಕಾಗಿ. ಹಕ್ಕು ಕೆಟ್ಟರೂ ನಿಮ್ಮ ಸಂಬಳದಿಂದ ಕಂತು ಹೋಗುತ್ತಲೇ ಇರುತ್ತದೆ. ನಿಮಗಾಗಿ ನೋಡುವ ವಕೀಲರನ್ನು ನೀವೇ ಗೊತ್ತುಮಾಡಿಕೊಳ್ಳಿ. ದಲ್ಲಾಳಿ ಕರೆತಂದವರು ಬೇಡ.

ನೆಲದ ಕೆಳಗಿನ ಕಥೆ

ನಗರದ ಅಂಚಿನಲ್ಲಿ ಇಂದು ಮನೆಯಿರುವ ಜಾಗ ನಿನ್ನೆ ರಾಗಿಹೊಲ. ಹೊಲ ನಿವೇಶನವಾಗಬೇಕಾದರೆ ಎರಡು ಮೆಟ್ಟಿಲು ದಾಟಬೇಕು. ಒಂದು, 1964ರ ಭೂಕಂದಾಯ ಕಾಯಿದೆಯ 95ನೆಯ ಪ್ರಕರಣದಂತೆ ಕೃಷಿಯೇತರ ಬಳಕೆಗೆ ಪರಿವರ್ತನೆ, ಜನ ಇದನ್ನು "ಡಿ.ಸಿ. ಕನ್ವರ್ಷನ್" ಎನ್ನುತ್ತಾರೆ. ಎರಡು, ಬಡಾವಣೆಯ ನಕ್ಷೆಗೆ ಯೋಜನಾ ಪ್ರಾಧಿಕಾರದ ಅನುಮೋದನೆ. ಮೊದಲನೆಯದನ್ನು ತೋರಿಸಿ ಎರಡನೆಯದರ ಬಗ್ಗೆ ಸುಮ್ಮನಿರುವವರೇ ಹೆಚ್ಚು. ಎರಡೂ ಇಲ್ಲದ್ದು "ರೆವಿನ್ಯೂ ಸೈಟು". ಅಗ್ಗವಾಗಿ ಸಿಗುತ್ತದೆ, ಬಡವರು ಕೊಳ್ಳುತ್ತಾರೆ, ರಸ್ತೆಗೂ ಚರಂಡಿಗೂ ಆಮೇಲೆ ವರ್ಷಗಟ್ಟಲೆ ಅರ್ಜಿ ಹಿಡಿದು ಅಲೆಯುತ್ತಾರೆ.

ಸರ್ಕಾರ ಹಿಂದೆ ಪರಿಶಿಷ್ಟ ಜಾತಿ, ಪಂಗಡದ ಕುಟುಂಬಗಳಿಗೆ ಮಂಜೂರು ಮಾಡಿದ ಜಮೀನಿನ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಅಂಥ ಜಮೀನನ್ನು ಷರತ್ತು ಮೀರಿ ಅಥವಾ ಸರ್ಕಾರದ ಅನುಮತಿಯಿಲ್ಲದೆ ಕೊಂಡರೆ ಆ ಮಾರಾಟ ಅಸಿಂಧು ಎಂದು ಕರ್ನಾಟಕದ 1978ರ ಕಾಯಿದೆ ಹೇಳುತ್ತದೆ. ವಕೀಲರ ಬಾಯಲ್ಲಿ ಇದು ಪಿ.ಟಿ.ಸಿ.ಎಲ್. ಕಾಯಿದೆ. ಬಹಳ ವರ್ಷ ಕಳೆದ ಮೇಲೆ ಬಂದ ಅರ್ಜಿಗಳನ್ನು ಸುಪ್ರೀಂ ಕೋರ್ಟು 2017ರಿಂದ ಒಪ್ಪುತ್ತಿರಲಿಲ್ಲ. 2023ರಲ್ಲಿ ರಾಜ್ಯ ತಿದ್ದುಪಡಿ ತಂದು, ಹೀಗೆ ಜಮೀನು ವಾಪಸು ಕೇಳಲು ಕಾಲಮಿತಿ ಇಲ್ಲ ಎಂದು ಸೇರಿಸಿತು. ಕೊಳ್ಳುವವರು ಇದನ್ನು ಒಂದು ಬಲೆ ಎಂದು ದೂರುವುದನ್ನು ಕೇಳಿದ್ದೇನೆ. ನನಗೆ ಹಾಗೆ ಕಾಣುವುದಿಲ್ಲ. ಒಂದು ಮೂಟೆ ಅಕ್ಕಿಗೋ ಮಗಳ ಮದುವೆಯ ಸಾಲಕ್ಕೋ ಹೆಬ್ಬೆಟ್ಟು ಒತ್ತಿ ಜಮೀನು ಕಳೆದುಕೊಂಡವರಿಗಾಗಿ ಮಾಡಿದ ಕಾಯಿದೆ ಅದು. ಅವರ ಹೆಬ್ಬೆಟ್ಟಿನ ಮೇಲೆ ಎಬ್ಬಿಸಿದ ಮನೆಯಲ್ಲಿ ನಾವು ಹೋಗಿ ಕೂರುವುದಕ್ಕೆ ಮೊದಲು ವಿಚಾರಿಸುವುದು ನಮ್ಮ ಜವಾಬ್ದಾರಿ. ಹಳೆಯ ಪಹಣಿಗಳು, ಮ್ಯುಟೇಶನ್, ಸಾಗುವಳಿ ಚೀಟಿ ಇವುಗಳನ್ನು ಮೂಲದವರೆಗೆ ನೋಡಿಸಿ. ಆ ಸರ್ವೆ ನಂಬರಿಗೆ ಈ ಕಾಯಿದೆ ಅನ್ವಯಿಸುವುದಿಲ್ಲ ಎಂಬ ಹಿಂಬರಹವನ್ನು ಕಂದಾಯ ಕಚೇರಿಯಿಂದ ಪಡೆಯಿರಿ.

ನೀರಿಗೂ ಹಕ್ಕಿದೆ. 2016ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ರಾಜಕಾಲುವೆಯ ಒತ್ತುವರಿ ತೆರವು ಮಾಡಿದಾಗ, ಕ್ರಯಪತ್ರ, ಖಾತೆ, ತೆರಿಗೆ ರಸೀದಿ ಎಲ್ಲವನ್ನೂ ಕೈಯಲ್ಲಿ ಹಿಡಿದು ನಿಂತವರ ಮನೆಗಳೂ ಉರುಳಿದವು. 2022ರ ಸೆಪ್ಟೆಂಬರ್ ಮಳೆಯಲ್ಲಿ ಕೋಟಿಗಟ್ಟಲೆ ಬೆಲೆಯ ಮನೆಗಳವರು ದೋಣಿಯಲ್ಲಿ, ಟ್ರ್ಯಾಕ್ಟರಿನಲ್ಲಿ ಹೊರಬಂದರು. ಹಳ್ಳ, ಕೆರೆಯಂಗಳ, ಗುಂಡುತೋಪು, ಬಿ ಖರಾಬು ಇವೆಲ್ಲ ಗ್ರಾಮ ನಕ್ಷೆಯಲ್ಲಿ ಗುರುತಾಗಿರುತ್ತವೆ. ಭೂದಾಖಲೆ ಇಲಾಖೆಯ ಜಾಲತಾಣದಲ್ಲಿ ಆ ನಕ್ಷೆ ಸಿಗುತ್ತದೆ. ದಿಶಾಂಕ್ ಎಂಬ ಸರ್ಕಾರಿ ಆ್ಯಪ್ ಮೊಬೈಲಿನಲ್ಲಿದ್ದರೆ ನೀವು ನಿಂತ ನೆಲದ ಸರ್ವೆ ನಂಬರನ್ನೇ ಅದು ತೋರಿಸುತ್ತದೆ. ಮಾರುವವರು ಹೇಳಿದ ನಂಬರೂ ಅದೂ ಬೇರೆಯಾಗಿದ್ದರೆ ಅಲ್ಲಿಯೇ ನಿಂತು ಕೇಳಿ. ಜೊತೆಗೆ ಒಂದು ಟೇಪು ಹಿಡಿದು ಅಳತೆ ಮಾಡಿ, ಪತ್ರದಲ್ಲಿರುವ ಚಕ್ಕುಬಂದಿಯನ್ನು ನಾಲ್ಕೂ ದಿಕ್ಕಿಗೆ ತಾಳೆ ನೋಡಿ. ಮೂವತ್ತು ನಲವತ್ತು ಎಂದದ್ದು ಇಪ್ಪತ್ತೆಂಟು ಮೂವತ್ತೆಂಟು ಆಗಿರುವುದು ಹೊಸತೇನಲ್ಲ. ಸಾಧ್ಯವಾದರೆ ಒಮ್ಮೆ ಮಳೆ ಬಂದ ಮಾರನೆಯ ದಿನವೂ ಹೋಗಿ ಬನ್ನಿ.

ಮನೆಯಲ್ಲಿ ಈಗ ಯಾರು ವಾಸವಾಗಿದ್ದಾರೆ ಎಂದು ನೋಡಿ, ಅವರೊಡನೆ ಮಾರುವವರ ಬೆನ್ನ ಹಿಂದೆ ಮಾತನಾಡಿ. ಬಾಡಿಗೆಯಲ್ಲ, "ಲೀಸ್" ಎಂದರೆ ಎಷ್ಟಕ್ಕೆ, ಯಾವಾಗ ಮುಗಿಯುತ್ತದೆ, ಹಣ ಯಾರು ಹಿಂದಿರುಗಿಸಬೇಕು ಎಂದು ಬರವಣಿಗೆಯಲ್ಲಿ ತೀರ್ಮಾನವಾಗಬೇಕು. ಭೋಗ್ಯಕ್ಕೆ ಎಂಟೋ ಹತ್ತೋ ಲಕ್ಷ ಕೊಟ್ಟವರು ಅದು ಕೈಗೆ ಬರುವವರೆಗೆ ಮನೆ ಬಿಡುವುದಿಲ್ಲ. ಅವರ ಜಾಗದಲ್ಲಿ ನಾವಿದ್ದರೂ ಬಿಡುತ್ತಿರಲಿಲ್ಲ.

ಫ್ಲ್ಯಾಟ್ ಕೊಳ್ಳುವವರಿಗೆ ಎರಡು ಮಾತು. 2016ರ ರೇರಾ ಕಾಯಿದೆಯಂತೆ 500 ಚದರ ಮೀಟರಿಗಿಂತ ಹೆಚ್ಚಿನ ಜಾಗದ ಅಥವಾ ಎಂಟಕ್ಕಿಂತ ಹೆಚ್ಚು ಮನೆಗಳ ಹೊಸ ಯೋಜನೆ ನೋಂದಣಿಯಾಗಿರಲೇಬೇಕು. ನೋಂದಾಯಿತ ಕರಾರಿಗೆ ಮೊದಲು ಶೇಕಡ 10ಕ್ಕಿಂತ ಹೆಚ್ಚು ಹಣವನ್ನು ನಿರ್ಮಾಣದಾರರು ಕೇಳುವಂತಿಲ್ಲ. ವಾಸಕ್ಕೆ ಯೋಗ್ಯ ಎಂದು ಪಾಲಿಕೆ ಕೊಡುವ ಓ.ಸಿ. ಇಲ್ಲದ ಕಟ್ಟಡಕ್ಕೆ ನೀರು, ವಿದ್ಯುತ್ ಸಂಪರ್ಕ ಕೊಡಬಾರದೆಂದು ಸುಪ್ರೀಂ ಕೋರ್ಟು 2024ರ ಡಿಸೆಂಬರ್ 17ರಂದು ಆದೇಶಿಸಿದ ಮೇಲೆ, "ಓ.ಸಿ. ಆಮೇಲೆ ಬರುತ್ತೆ" ಎಂಬ ಭರವಸೆಗೆ ಮೊದಲಿನ ಬೆಲೆ ಇಲ್ಲ.

ಹಣದ ಮಾತು

ಮನೆಯ ಬೆಲೆ ಎಂದರೆ ಮಾರುವವರು ಹೇಳಿದ ಬೆಲೆ ಮಾತ್ರವಲ್ಲ. ಕರ್ನಾಟಕದಲ್ಲಿ 45 ಲಕ್ಷಕ್ಕೆ ಮೇಲ್ಪಟ್ಟ ಮನೆಗೆ ಮುದ್ರಾಂಕ ಶುಲ್ಕ ಶೇಕಡ 5. ಅದರ ಮೇಲಿನ ಸೆಸ್ಸು, ಸರ್‌ಚಾರ್ಜು ಸೇರಿ ನಗರದಲ್ಲಿ 5.6 ಆಗುತ್ತದೆ. ನೋಂದಣಿ ಶುಲ್ಕವನ್ನು 2025ರ ಆಗಸ್ಟ್ 31ರಿಂದ ಶೇಕಡ 1ರಿಂದ 2ಕ್ಕೆ ಏರಿಸಲಾಯಿತು. ಈ ದರದಲ್ಲಿ 60 ಲಕ್ಷದ ಮನೆಗೆ ಈ ಎರಡಕ್ಕೇ 4,56,000 ರೂಪಾಯಿ ಬೇಕು. ಬ್ಯಾಂಕು ಸಾಮಾನ್ಯವಾಗಿ ಇದಕ್ಕೆ ಸಾಲ ಕೊಡುವುದಿಲ್ಲ. ಎಷ್ಟೋ ಜನ ಕೊನೆಯ ವಾರದಲ್ಲಿ ಒಡವೆ ಅಡವಿಡುವುದು ಈ ಮೊತ್ತಕ್ಕಾಗಿಯೇ.

ಕಂತಿನ ಲೆಕ್ಕವನ್ನೂ ಪೂರ್ತಿ ಮಾಡಿ. 40 ಲಕ್ಷ ಸಾಲ, ಶೇಕಡ 8.5 ಬಡ್ಡಿ, ಇಪ್ಪತ್ತು ವರ್ಷ ಎಂದರೆ ತಿಂಗಳಿಗೆ ಸುಮಾರು 34,700 ರೂಪಾಯಿ. ಕೊನೆಗೆ ಕಟ್ಟಿದ್ದು ಒಟ್ಟು 83 ಲಕ್ಷ ದಾಟುತ್ತದೆ. ಸಾಲ ಮುಗಿಯುವಾಗ ನಿಮ್ಮ ವಯಸ್ಸೆಷ್ಟು, ಮಕ್ಕಳ ಓದು ಯಾವ ವರ್ಷಕ್ಕೆ ಬೀಳುತ್ತದೆ ಎಂದು ಗಂಡಹೆಂಡತಿ ಒಟ್ಟಿಗೆ ಕುಳಿತು ಬರೆದು ನೋಡಬೇಕು. ಗಂಡ ಒಬ್ಬನೇ ಮಾತು ಕೊಟ್ಟುಬಂದು ಹೆಂಡತಿಗೆ ಆಮೇಲೆ ಹೇಳುವ ಪದ್ಧತಿ ನಮ್ಮಲ್ಲಿ ಇನ್ನೂ ಇದೆ. ಸಂಸಾರ ತೂಗಿಸುವವರಿಗೆ ತಿಂಗಳ ಕೊನೆ ಹೇಗಿರುತ್ತದೆಂದು ಹೆಚ್ಚು ಗೊತ್ತು.

"ಪತ್ರದಲ್ಲಿ ನಲವತ್ತು ತೋರಿಸೋಣ, ಇಪ್ಪತ್ತು ಕೈಯಲ್ಲಿ ಕೊಡಿ" ಎಂಬ ಪ್ರಸ್ತಾಪ ಬಂದೇ ಬರುತ್ತದೆ. ಇದು ತೆರಿಗೆಯ ಕಳ್ಳತನ ಎಂಬುದು ಒಂದು. ಆಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದನ್ನು ಕಾನೂನು 2015ರಿಂದ ನಿಷೇಧಿಸಿದೆ ಎಂಬುದು ಇನ್ನೊಂದು. ಮೂರನೆಯದನ್ನು ಯಾರೂ ಯೋಚಿಸುವುದಿಲ್ಲ: ನಾಳೆ ಹಕ್ಕು ಕೆಟ್ಟು ಹಣ ವಾಪಸು ಕೇಳಬೇಕಾಗಿ ಬಂದರೆ ಪತ್ರದಲ್ಲಿರುವ ನಲವತ್ತನ್ನು ಮಾತ್ರ ಕೇಳಬಲ್ಲಿರಿ. ಕೈಯಲ್ಲಿ ಕೊಟ್ಟ ಇಪ್ಪತ್ತಕ್ಕೆ ಸಾಕ್ಷಿ ಇಲ್ಲ.

ಬೆಲೆ 50 ಲಕ್ಷ ಅಥವಾ ಹೆಚ್ಚಾದರೆ ಅದರಲ್ಲಿ ಶೇಕಡ 1ನ್ನು ಹಿಡಿದು ಆದಾಯ ತೆರಿಗೆ ಇಲಾಖೆಗೆ ಕಟ್ಟುವುದು ಕೊಳ್ಳುವವರ ಹೊಣೆ. 60 ಲಕ್ಷಕ್ಕೆ 60,000 ರೂಪಾಯಿ. ಅದು ಮಾರುವವರ ಹಣದಿಂದಲೇ ಹೋಗುವುದು. ಮರೆತರೆ ದಂಡ, ಬಡ್ಡಿ ಬರುವುದು ನಿಮ್ಮ ಹೆಸರಿಗೆ. ಮಾರುವವರು ಕೊಲ್ಲಿ ರಾಷ್ಟ್ರದಲ್ಲೋ ಬೇರೆ ವಿದೇಶದಲ್ಲೋ ನೆಲಸಿ ಅನಿವಾಸಿಯಾಗಿದ್ದರೆ ನಿಯಮವೇ ಬೇರೆ, ಹಿಡಿಯಬೇಕಾದ ಮೊತ್ತ ಇದಕ್ಕಿಂತ ಬಹಳ ಹೆಚ್ಚು. ಹಣ ಕೊಡುವ ಮೊದಲೇ ಲೆಕ್ಕಪರಿಶೋಧಕರನ್ನು ಕೇಳಿ.

ಇನ್ನು ಆ ಐವತ್ತು ಸಾವಿರ ಟೋಕನ್. ಮನೆ ಮನಸ್ಸಿಗೆ ಬಂದಿದ್ದರೆ ಕೈ ತಡೆಯುವುದು ಕಷ್ಟ. ಕೊಡಲೇಬೇಕಾದರೆ ಚಿಕ್ಕ ಮೊತ್ತವನ್ನು ಚೆಕ್ಕಿನಲ್ಲಿಯೋ ಬ್ಯಾಂಕ್ ಮೂಲಕವೋ ಕೊಟ್ಟು, "ಪತ್ರಗಳು ನಮ್ಮ ವಕೀಲರಿಗೆ ಒಪ್ಪಿಗೆಯಾಗದಿದ್ದರೆ ಹಿಂದಿರುಗಿಸತಕ್ಕದ್ದು" ಎಂದು ಬರೆಸಿಕೊಳ್ಳಿ. ಆ ಒಂದು ಸಾಲನ್ನು ಬರೆದುಕೊಡಲು ಮಾರುವವರು ಒಪ್ಪದಿದ್ದರೆ, ಅಲ್ಲಿಯೇ ನಿಮಗೆ ಬೇಕಾದ ಉತ್ತರ ಸಿಕ್ಕಂತೆ. ಸಂಜೆ ಬರುವ ಇನ್ನೊಂದು ಪಾರ್ಟಿಗೆ ಆ ಮನೆ ಹೋಗಲಿ. ಒಪ್ಪಿದರೆ ಹದಿನೈದು ಇಪ್ಪತ್ತು ದಿನ ಸಮಯ ಪಡೆದು ಮೇಲೆ ಹೇಳಿದ ಎಲ್ಲರನ್ನೂ ವಿಚಾರಿಸಿ. ದೊಡ್ಡ ಮುಂಗಡವೂ ಕರಾರೂ ಆಮೇಲೆ.

ನೋಂದಣಿಯ ದಿನ ಗಂಡಹೆಂಡತಿ ಇಬ್ಬರ ಹೆಸರಿನಲ್ಲೂ ಪತ್ರ ಮಾಡಿಸಿಕೊಂಡರೆ ಮುಂದೆ ಉಳಿದವರಿಗೆ ಅನುಕೂಲ. ಮೂಲಪತ್ರಗಳನ್ನೂ ಬೀಗದ ಕೈಯನ್ನೂ ಅಂದೇ ಪಡೆಯಿರಿ. ಆಮೇಲೆ ಖಾತೆ ಬದಲಾವಣೆಗೆ, ವಿದ್ಯುತ್ ಮತ್ತು ನೀರಿನ ಹೆಸರು ಬದಲಾವಣೆಗೆ ಅರ್ಜಿ ಹಾಕಿ. ಒಂದು ತಿಂಗಳು ಬಿಟ್ಟು ಇ.ಸಿ.ಯನ್ನು ಮತ್ತೊಮ್ಮೆ ತೆಗೆಸಿ, ಅದರ ಕೊನೆಯ ಸಾಲಿನಲ್ಲಿ ನಿಮ್ಮಿಬ್ಬರ ಹೆಸರು ತಪ್ಪಿಲ್ಲದೆ ಬಂದಿದೆಯೇ ಎಂದು ಕನ್ನಡಕ ಹಾಕಿಕೊಂಡು ಓದಿ.